ಸೈಡ್ ವೀಲ್ ಹಾಕಿಸುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಕೂಟರಿನ ಹಿಂದಿನ ಚಕ್ರದ ಆಚೆ ಈಚೆ ಒಂದೊಂದು ಚಕ್ರ ಹೆಚ್ಚಿಗೆ ಹಾಕಿದ ಗಾಡಿಯನ್ನು ನೀವು ನೋಡೇ ಇರುತ್ತೀರಿ. ಪಕ್ಕದಲ್ಲಿ ಒಂದು ಊರುಗೋಲು ಸಿಕ್ಕಿಸಿರುತ್ತೆ. ಲೆಕ್ಕ ಹಾಕಿದರೆ ಚಕ್ರ ನಾಲ್ಕು, ಆದರೂ ಎಲ್ಲರ ಬಾಯಲ್ಲೂ ಅದು ತ್ರೀ ವೀಲರ್. ನಾನು ಓಡಿಸುವುದೂ ಅಂಥದ್ದೇ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಯಿತು. ಈಗ ಐವತ್ತು ದಾಟಿದೆ. ಹಾಗಾಗಿ ಅಂಗವಿಕಲರ ಪಟ್ಟಿ, ವಯಸ್ಸಾದವರ ಪಟ್ಟಿ, ಎರಡರಲ್ಲೂ ನನ್ನ ಹೆಸರಿದೆ ಅನ್ನಿ.

ಈ ಗಾಡಿ ತಗೋಬೇಕು ಅಂತ ಬರುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. "ಇನ್ನೇನು ಬಿಡಿ ಸಾರ್, ಬೀಳೋ ಭಯ ಇಲ್ಲ." ಸ್ಕೂಟರ್ ಬೀಳುವ ಹಾಗೆ ಬೀಳಲ್ಲ, ನಿಜ. ಬೇರೆ ಥರ ಬೀಳುತ್ತೆ. ಆ ಎರಡು ಚಕ್ರ ಹಾಕಿದ ಕ್ಷಣದಿಂದ ಅದು ಬೇರೆಯೇ ಗಾಡಿ. ಅದನ್ನು ಮೊದಲಿಂದ ಕಲಿಯಬೇಕು.

ಎರಡು ಚಕ್ರದ ಗಾಡಿಯಲ್ಲಿ ತಿರುವು ಬಂದರೆ ಗಾಡಿಯೂ ನಾವೂ ಒಟ್ಟಿಗೆ ಒಳಗಡೆಗೆ ವಾಲುತ್ತೇವೆ. ಅದು ತಾನಾಗೇ ಆಗಿಬಿಡುತ್ತೆ, ಯಾರೂ ಯೋಚನೆ ಮಾಡಿ ವಾಲಲ್ಲ. ಸೈಡ್ ವೀಲ್ ಗಾಡಿ ವಾಲುವುದೇ ಇಲ್ಲ. ಹ್ಯಾಂಡಲ್ ತಿರುಗಿಸಿಯೇ ತಿರುಗಬೇಕು. ಸ್ಪೀಡಾಗಿ ಎಡಕ್ಕೆ ತಿರುಗಿದಿರೋ, ಗಾಡಿ ನಿಮ್ಮನ್ನು ಬಲಕ್ಕೆ ಎತ್ತಿ ಹಾಕಲು ನೋಡುತ್ತೆ, ಎಡಗಡೆ ಚಕ್ರ ನೆಲ ಬಿಡುತ್ತೆ. ತಿರುವಿಗೆ ಮುಂಚೆಯೇ ಸ್ಪೀಡ್ ಇಳಿಸಿ, ಸೊಂಟದಿಂದ ಮೇಲಿನ ಮೈಯನ್ನು ಒಳಗಡೆಗೆ ಬಾಗಿಸಬೇಕು. ತಮಾಷೆ ಏನಂದರೆ, ವರ್ಷಗಟ್ಟಲೆ ಬೈಕ್ ಓಡಿಸಿ ಆಮೇಲೆ ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೇ ಇದು ಜಾಸ್ತಿ ಕಷ್ಟ. ಹಳೇ ಅಭ್ಯಾಸ ಕೈ ಬಿಡಲ್ಲ. ಏನೂ ಓಡಿಸದೆ ನೇರವಾಗಿ ಇದಕ್ಕೇ ಬಂದವರು ಬೇಗ ಕಲಿಯುತ್ತಾರೆ.

ಇನ್ನು ರಸ್ತೆ. ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಹೋಗುವುದು ಎಡಗಡೆ. ಬೈಕಿಗೆ ಇದು ಗೊತ್ತೇ ಆಗಲ್ಲ. ನಮ್ಮ ಗಾಡಿ ಮಾತ್ರ ದಾರಿಯುದ್ದಕ್ಕೂ ಎಡಕ್ಕೆ ಎಳೀತಾನೇ ಇರುತ್ತೆ. ಹ್ಯಾಂಡಲ್ ಹಿಡಿದು ತಡೆದುಕೊಂಡೇ ಹೋಗಬೇಕು. ಗುಂಡಿಗಳ ವಿಷಯಕ್ಕೆ ಬಂದರೆ, ಬೈಕಿನವನು ಒಂದು ಗೆರೆ ನೋಡಿಕೊಂಡರೆ ಸಾಕು. ನಮಗೆ ಮೂರು ಗೆರೆ. ನಡುವಿನದನ್ನು ತಪ್ಪಿಸಿದರೆ ಪಕ್ಕದ್ದು ಗುಂಡಿಗೆ ಇಳಿಯುತ್ತೆ.

ಇನ್ನೊಂದಿದೆ, ಇದನ್ನು ಅಂಗಡಿಯವರು ಹೇಳಲ್ಲ. ಇಂಜಿನ್ ತಿರುಗಿಸುವುದು ನಡುವಿನ ಹಿಂಚಕ್ರ ಒಂದನ್ನೇ. ಬದಿಯ ಎರಡು ಸುಮ್ನೆ ಉರುಳುತ್ತವೆ. ಮಣ್ಣು ರಸ್ತೆಯಲ್ಲೋ ಮನೆ ಮುಂದಿನ ಚರಂಡಿ ಹತ್ತಿರವೋ ಬದಿಯ ಚಕ್ರಗಳೆರಡೂ ಎತ್ತರದಲ್ಲಿ ನಿಂತು, ನಡುವಿನದು ತಗ್ಗಿನ ಮೇಲೆ ಬಂತು ಅಂದುಕೊಳ್ಳಿ. ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಅದು ಕಟ್ಟೆ ಮೇಲೆ ಕೂತ ಮಗು ಕಾಲಾಡಿಸಿದ ಹಾಗೆ ಅಲ್ಲೇ ಆಡುತ್ತೆ, ಗಾಡಿ ಕದಲಲ್ಲ. ಇಳಿದು ತಳ್ಳೋಣ ಅಂದರೆ ಕಾಲಿಲ್ಲ. ದಾರಿಹೋಕರನ್ನು ಕೂಗಬೇಕು.

ಇದಕ್ಕೆ ಔಷಧಿ ಇರುವುದು ಫಿಟ್ಟಿಂಗ್‌ನಲ್ಲಿ. ಬದಿಯ ಚಕ್ರಕ್ಕೆ ಸ್ಪ್ರಿಂಗ್ ಇರಬೇಕು, ಬರೀ ಕಬ್ಬಿಣದ ಚೌಕಟ್ಟಿಗೆ ಬಿಗಿದಿರಬಾರದು. ಎತ್ತರ ಹೊಂದಿಸುವುದು ಇನ್ನೂ ಮುಖ್ಯ. ಬದಿಯ ಚಕ್ರ ಸ್ವಲ್ಪ ಕೆಳಗಾದರೂ ಭಾರವೆಲ್ಲ ಅದರ ಮೇಲೆ ಬಿದ್ದು ನಡುವಿನ ಚಕ್ರದ ಹಿಡಿತ ಹೋಗುತ್ತೆ. ಮೇಲಾದರೆ ಗಾಡಿ ಆ ಕಡೆ ಈ ಕಡೆ ತೂಗಾಡುತ್ತೆ. ಕೆಲಸ ಗೊತ್ತಿರುವ ಮೆಕ್ಯಾನಿಕ್ ಖಾಲಿ ಗಾಡಿಗೆ ಬೋಲ್ಟ್ ಬಿಗಿಯಲ್ಲ. "ಅಣ್ಣಾ, ನೀವು ಹತ್ತಿ ಕೂತ್ಕೊಳ್ಳಿ, ಆಮೇಲೆ ಬಿಗಿ ಮಾಡ್ತೀನಿ" ಅಂತಾನೆ. ನೀವು ಕೂತ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗಿತು ನೋಡಿ, ಬದಿಯ ಚಕ್ರ ನೆಲಕ್ಕೆ ತಾಗುವ ಮಟ್ಟ ಹಿಡಿದು, ಸ್ಪ್ಯಾನರ್ ಹಾಕುತ್ತಾನೆ. ಹೆಂಡತಿಯನ್ನೋ ಮಗಳನ್ನೋ ದಿನಾ ಹಿಂದೆ ಕೂರಿಸುವುದಿದ್ದರೆ ಅವರನ್ನೂ ಕೂರಿಸಿ ನೋಡುತ್ತಾನೆ. ಅಂಥವನು ಸಿಕ್ಕರೆ ಬಿಡಬೇಡಿ. ಬ್ರೇಕನ್ನೂ ಕೇಳಿ. ಸಾಮಾನ್ಯವಾಗಿ ಬದಿಯ ಚಕ್ರಗಳಿಗೆ ಬ್ರೇಕ್ ಇರಲ್ಲ. ಗಾಡಿಯ ತೂಕ ಏರಿದೆ, ಹಿಡಿಯುವ ಬ್ರೇಕ್ ಹಳೆಯದೇ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡೇ ಓಡಿಸಿ.

ಒಂದು ಕಾಲದಲ್ಲಿ ಇದೂ ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಹಳೇ ಬಜಾಜ್ ಚೇತಕ್ ನೆನಪಿದೆಯಲ್ಲ? ಕಿಕ್ ಹೊಡೆಯಲು ಕಾಲು ಬೇಕು, ಹಿಂದಿನ ಬ್ರೇಕಿಗೆ ಬಲಗಾಲು ಬೇಕು. ಎಂಬತ್ತರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಬಟನ್ ಒತ್ತಿದರೆ ಸ್ಟಾರ್ಟ್. ಅದನ್ನು ನಮಗೋಸ್ಕರ ಮಾಡಿರಲಿಲ್ಲ, ಆದರೆ ನಮ್ಮಂಥವರಿಗೆ ಬಾಗಿಲು ತೆರೆದದ್ದು ಅದು. ಆಮೇಲೆ ಆಕ್ಟಿವಾ ಥರದ ಗಾಡಿಗಳು ಬಂದ ಮೇಲಂತೂ ಊರೂರಲ್ಲಿ ಸೈಡ್ ವೀಲ್ ಕಾಣಿಸತೊಡಗಿತು.

ಅವತ್ತಿನಿಂದ ಈ ಗಾಡಿ ಹತ್ತಿದವರಲ್ಲಿ ಪೋಲಿಯೋದವರು ಬಹಳ ಮಂದಿ. ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆಯಾಯಿತು. ಒಳ್ಳೇದೇ ಆಯಿತು. ಆದರೆ ಅದಕ್ಕೂ ಮುಂಚೆ ಪೋಲಿಯೋ ಬಂದವರು ಈಗ ಮುದುಕರಾಗುತ್ತಿದ್ದೇವೆ. ಕೈ, ಭುಜಗಳೇ ನಮಗೆ ಕಾಲು. ಊರುಗೋಲು ಒತ್ತಿ ಒತ್ತಿ ಭುಜದ ಕೀಲು ಸವೆದಿರುತ್ತೆ. ಜೊತೆಗೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂತ ಒಂದಿದೆ. ಪೋಲಿಯೋ ಬಂದು ದಶಕಗಳಾದ ಮೇಲೆ, ಚೆನ್ನಾಗಿದ್ದ ಸ್ನಾಯುಗಳಲ್ಲೂ ಹೊಸದಾಗಿ ನಿಶ್ಶಕ್ತಿ, ಸುಸ್ತು ಶುರುವಾಗುತ್ತೆ. ಮೂವತ್ತರ ವಯಸ್ಸಿನಲ್ಲಿ ಆರಾಮಾಗಿ ಹಿಡಿಯುತ್ತಿದ್ದ ಅದೇ ಹ್ಯಾಂಡಲ್ ಅರವತ್ತರಲ್ಲಿ ನೋಯಿಸುತ್ತೆ. ಆ ಎಡಕ್ಕೆ ಎಳೆಯುವ ರಸ್ತೆಯ ವಿಷಯ ಹೇಳಿದೆನಲ್ಲ, ಅದು ಇಲ್ಲಿ ಲೆಕ್ಕಕ್ಕೆ ಬರುತ್ತೆ. ಹ್ಯಾಂಡಲ್ ಕೈಗೆ ಹತ್ತಿರ ತರಿಸಿ, ಬೆನ್ನಿಗೆ ಒಂದು ಆಸರೆ ಹಾಕಿಸಿ, ಟೈರಿನ ಗಾಳಿ ಎರಡೂ ಬದಿಗೆ ಸಮ ಇದೆಯಾ ನೋಡುತ್ತಿರಿ. ಒಂದು ಕಡೆ ಗಾಳಿ ಕಮ್ಮಿಯಾದರೂ ಅದರ ಹೊರೆ ಬೀಳುವುದು ಭುಜದ ಮೇಲೆ.

ರಿವರ್ಸ್ ಮಾತ್ರ ಈಗ ಸುಲಭವಾಗಿದೆ. ಮೊದಲೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯಲು ಒಬ್ಬರನ್ನು ಕಾಯಬೇಕಿತ್ತು. ಏಥರ್, ಹೊಸ ಚೇತಕ್ ಥರದ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ರಿವರ್ಸ್ ಕಂಪನಿಯಿಂದಲೇ ಬರುತ್ತೆ. ಇದೂ ನಮಗೋಸ್ಕರ ಮಾಡಿದ್ದಲ್ಲ ಬಿಡಿ, ಆದರೂ ಬಂತು. ವೀಲ್‌ಚೇರ್ ಬಿಟ್ಟು ಇಳಿಯಲಾಗದವರಿಗೆ ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಬೋಲ್ಟ್ ಇದೆ. ವೀಲ್‌ಚೇರಿನ ಮುಂದೆ ಸಿಕ್ಕಿಸುವ ಬ್ಯಾಟರಿ ಗಾಡಿ, ಗಂಟೆಗೆ 25 ಕಿಲೋಮೀಟರ್ ತನಕ ಹೋಗುತ್ತೆ.

ಹೊರದೇಶದಲ್ಲಿ ಕಥೆಯೇ ಬೇರೆ. ಇಟಲಿಯ ಪಿಯಾಜಿಯೋ 2006ರಲ್ಲಿ ತಂದ ಎಂಪಿ3 ಸ್ಕೂಟರಿಗೆ ಮುಂದೆ ಎರಡು ಚಕ್ರ. ತಿರುವಿನಲ್ಲಿ ಎರಡೂ ವಾಲುತ್ತವೆ, ಸಿಗ್ನಲ್ಲಿನಲ್ಲಿ ಲಾಕ್ ಮಾಡಿಕೊಂಡರೆ ಕಾಲು ಕೆಳಗಿಡಬೇಕಾಗೇ ಇಲ್ಲ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಟ್ರೈ ಗ್ಲೈಡ್ ಅರ್ಧ ಟನ್ನಿಗಿಂತ ಜಾಸ್ತಿ ಭಾರ, ರಿವರ್ಸ್ ಗೇರೂ ಉಂಟು. ಮಂಡಿ ಹೋದರೂ ಬೈಕ್ ಬಿಡಲಾರೆ ಅನ್ನುವ ಹಿರಿಯರು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುತ್ತಾರೆ.

ನಮ್ಮಲ್ಲಿ ಹಾಗಾಗಲ್ಲ. ಮೋಟಾರು ವಾಹನ ಕಾಯ್ದೆ ಮೊದಲು ನಮ್ಮ ಥರದ ಗಾಡಿಯನ್ನು ಇನ್ವ್ಯಾಲಿಡ್ ಕ್ಯಾರೇಜ್, ಅಂದರೆ ಅಶಕ್ತರ ಗಾಡಿ ಅನ್ನುತ್ತಿತ್ತು, 2019ರ ತಿದ್ದುಪಡಿಯಲ್ಲಿ ಅದು ಅಡಾಪ್ಟೆಡ್ ವೆಹಿಕಲ್, ಅಂದರೆ ಮಾರ್ಪಡಿಸಿದ ಗಾಡಿ ಆಯಿತು. ಅಂಗವೈಕಲ್ಯ ಇರುವವರ ಬಳಕೆಗೆ ಮಾತ್ರ ಅನ್ನುವ ನಿಯಮ ಹಾಗೇ ಇದೆ. ಎಪ್ಪತ್ತು ವರ್ಷದ ಯಜಮಾನರಿಗೆ ಬ್ಯಾಲೆನ್ಸ್ ತಪ್ಪುತ್ತೆ, ಸಿಗ್ನಲ್ಲಿನಲ್ಲಿ ಗಾಡಿ ಹಿಡಿದು ನಿಲ್ಲಲು ಆಗಲ್ಲ, ಆದರೆ ಸರ್ಟಿಫಿಕೇಟ್ ಕೊಡುವಂಥ ಕಾಯಿಲೆ ಇಲ್ಲ. ಅವರು ಎರಡು ಚಕ್ರದಲ್ಲೇ ತೂರಾಡಿಕೊಂಡು ಮಾರ್ಕೆಟ್ಟಿಗೆ ಹೋಗಬೇಕು. ಇದು ಸರಿಯಲ್ಲ ಅಂತ ನನಗನ್ನಿಸುತ್ತೆ. ಐವತ್ತೈದು ದಾಟಿದ ಮೇಲೆ ಲೈಸೆನ್ಸನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು, ಅದಕ್ಕೆ ಡಾಕ್ಟರ ಸಹಿಯೂ ಬೇಕು. ಅಲ್ಲೇ ಡಾಕ್ಟರು "ಇವರು ಸೈಡ್ ವೀಲ್ ಹಾಕಿ ಓಡಿಸಲಿ" ಅಂತ ಬರೆದರೆ ಸಾಕು ಅನ್ನುವ ಹಾಗಿದ್ದಿದ್ದರೆ ಎಷ್ಟೋ ಹಿರಿಯರು ಬಚಾವಾಗುತ್ತಿದ್ದರು, ಅಲ್ವಾ?

ಅಂಗವೈಕಲ್ಯ ಇರುವವರು ಕಾಗದಪತ್ರ ಬಿಡಬೇಡಿ. ಚಕ್ರ ಹಾಕಿಸಿದ್ದು ಆರ್‌ಸಿಯಲ್ಲಿ ನಮೂದಾಗಬೇಕು, ಇನ್ಶೂರೆನ್ಸಿನವರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಏನಾದರೂ ಆದಾಗ ಕ್ಲೇಮಿಗೆ ತಕರಾರು ಬರುತ್ತೆ. ಲೈಸೆನ್ಸ್ ಟೆಸ್ಟನ್ನು ಇದೇ ಗಾಡಿಯಲ್ಲಿ ಕೊಡಬಹುದು. ನಮ್ಮ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಈ ಗಾಡಿ ಕೊಡುವ ಯೋಜನೆಯೂ ಇದೆ. ವಿಚಾರಿಸುವಾಗ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಕೈಯಲ್ಲಿರಲಿ. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತಾರಲ್ಲ, ಅವರು. ಅವರೂ ಅಂಗವಿಕಲರೇ. ಇದೇ ಗಾಡಿಯಲ್ಲಿ ಓಡಾಡುವವರೂ ಅವರಲ್ಲಿದ್ದಾರೆ. ಅರ್ಜಿಯ ವಿಷಯ ಕೇಳಿ, ಹಾಗೇ ಶಾಲೆ ಮೈದಾನದಲ್ಲಿ ಅವರ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಲು ಕೊಡ್ತೀರಾ ಅಂತಲೂ ಕೇಳಿ.

ನಮಸ್ಕಾರ.