ಬೆಟ್ಟಿ, ಜಿಸೆಲ್ ಮತ್ತು ನಮ್ಮ ಲೇಡೀಸ್ ಡಬ್ಬಾ

ಕೇಳುಗರಿಗೆ ನಮಸ್ಕಾರ.

ನಮ್ಮ ಎಷ್ಟೋ ಸಿನಿಮಾಗಳಲ್ಲಿ ಗೆಳತಿಗೆ ಇರುವುದು ಎರಡೇ ಕೆಲಸ. ನಾಯಕಿಯ ಚೀಟಿ ತಲುಪಿಸಬೇಕು, ಮದುವೆ ದಿನ ಪಕ್ಕದಲ್ಲಿ ನಿಂತು ನಗಬೇಕು. ಅವಳದೇ ಒಂದು ಬದುಕು ಅಂತ ಇರುವುದಿಲ್ಲ. ಅದಕ್ಕೇ 2003ರ ಹಾಲಿವುಡ್ ಚಿತ್ರ ‘ಮೋನಾ ಲಿಸಾ ಸ್ಮೈಲ್’ ನನಗೆ ತುಂಬಾ ಇಷ್ಟ.

ಕತೆ ಶುರುವಾಗುವುದು 1953ರಲ್ಲಿ, ಅಮೆರಿಕದ ವೆಲ್ಸ್ಲಿ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಹೊಸದಾಗಿ ಬರುವ ಟೀಚರ್ ಪಾತ್ರ ಜೂಲಿಯಾ ರಾಬರ್ಟ್ಸ್ ಅವರದು. ಆದರೆ ನನ್ನ ಕಣ್ಣು ಹೋಗುವುದು ಅಲ್ಲಿ ಓದುವ ಹುಡುಗಿಯರ ಮೇಲೆ.

ಬೆಟ್ಟಿ ಓದುತ್ತಿರುವಾಗಲೇ ಮದುವೆಯಾಗುತ್ತಾಳೆ. ಗಂಡನಿಗೆ ಬೇರೆ ಹೆಣ್ಣಿನ ಸಹವಾಸ. ತವರಿಗೆ ಬಂದರೆ ತಾಯಿಯೇ ವಾಪಸ್ ಕಳಿಸುತ್ತಾಳೆ. ಆ ಸಂಕಟವನ್ನೆಲ್ಲ ಬೆಟ್ಟಿ ಗೆಳತಿ ಜಿಸೆಲ್ ಮೇಲೆ ಕಾರುತ್ತಾಳೆ. ಬಾಯಿಗೆ ಬಂದ ಹಾಗೆ ಬೈಯುತ್ತಾಳೆ, ನಡತೆಗೆಟ್ಟವಳು ಅನ್ನುತ್ತಾಳೆ. ಜಿಸೆಲ್ ತಿರುಗಿ ಒಂದು ಮಾತೂ ಆಡುವುದಿಲ್ಲ. ಹತ್ತಿರ ಬಂದು ಗಟ್ಟಿಯಾಗಿ ತಬ್ಬಿಕೊಳ್ಳುತ್ತಾಳೆ. ಬೆಟ್ಟಿ ಕೊಸರಾಡುತ್ತಾಳೆ, ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಬೈಗುಳದ ಹಿಂದೆ ಇದ್ದ ನೋವು ಗೆಳತಿಗೆ ಮೊದಲೇ ಕಂಡಿತ್ತು ನೋಡಿ. ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ದೃಶ್ಯ ಇಲ್ಲ.

ಇನ್ನೊಬ್ಬ ವಿದ್ಯಾರ್ಥಿನಿ ಜೋನ್ ಕತೆ ಬೇರೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೀಟು ಸಿಕ್ಕರೂ ಮದುವೆಯನ್ನೇ ಆರಿಸಿಕೊಳ್ಳುತ್ತಾಳೆ. ಇದು ನನ್ನದೇ ತೀರ್ಮಾನ ಅನ್ನುತ್ತಾಳೆ. ನನಗೆ ಹೊಟ್ಟೆ ಉರಿಯಿತು. ಆದರೂ ಅವಳನ್ನು ಚಿತ್ರ ಸಣ್ಣವಳನ್ನಾಗಿ ಮಾಡುವುದಿಲ್ಲ, ಅದು ಮೆಚ್ಚಬೇಕಾದದ್ದು.

ಇನ್ನು ನಮ್ಮ ಕಡೆ ನೋಡಿ. ಸಮಾಜ ಸುಧಾರಕ ಮಹರ್ಷಿ ಕರ್ವೆಯವರು 1916ರಲ್ಲೇ ಪುಣೆಯಲ್ಲಿ ಹೆಣ್ಣುಮಕ್ಕಳಿಗೆಂದು ವಿಶ್ವವಿದ್ಯಾಲಯ ಶುರು ಮಾಡಿದರು. ಇವತ್ತು ಮುಂಬೈಯ ಚರ್ಚ್‌ಗೇಟಿನಲ್ಲಿರುವ ಎಸ್‌ಎನ್‌ಡಿಟಿ ಅದೇ. ಓದುವ ದಾರಿ ಇಲ್ಲಿ ಬೇಗ ತೆರೆಯಿತು. ಆದರೆ ಮುಂಬೈ ಕಡೆಯ ಡೊಂಬಿವಲಿಯ, ಮುಲುಂಡಿನ ನಮ್ಮ ಕನ್ನಡದ ಮನೆಗಳಲ್ಲಿ ಡಿಗ್ರಿಯ ಕೊನೇ ವರ್ಷ ಬಂತು ಅಂದರೆ ಊರಿಂದ ಫೋನ್ ಬರುತ್ತದೆ: ‘ಒಳ್ಳೇ ಹುಡುಗ ಇದ್ದಾನೆ.’ ಹುಡುಗಿ ಅದನ್ನು ಮೊದಲು ಹೇಳುವುದು ಗೆಳತಿಗೆ, ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ, ನೂಕುನುಗ್ಗಲಿನ ನಡುವೆ. ಕುರ್ಲಾ ಬರುವಷ್ಟರಲ್ಲಿ ಅಳು, ಮಾಟುಂಗದಲ್ಲಿ ಇಳಿಯುವಾಗ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು ಕಾಲೇಜಿಗೆ. ಇವರ ಮೇಲೆ ನಮ್ಮಲ್ಲಿ ಯಾರಾದರೂ ಸಿನಿಮಾ ಮಾಡಬೇಕು ಅಲ್ವಾ?

ಕಡೆಗೆ ಬೆಟ್ಟಿ ವಿಚ್ಛೇದನಕ್ಕೆ ಹಾಕುತ್ತಾಳೆ. ನ್ಯೂಯಾರ್ಕಿನಲ್ಲಿ ಅವಳ ಜೊತೆ ಮನೆ ಹಂಚಿಕೊಳ್ಳಲು ಒಪ್ಪುವವಳು ಅವತ್ತು ಬೈಸಿಕೊಂಡ ಅದೇ ಜಿಸೆಲ್.

ನಿಮ್ಮ ಮಗಳು ಕಾಲೇಜಿಗೆ ಹೋಗುತ್ತಿದ್ದರೆ, ಒಂದು ಭಾನುವಾರ ಅವಳ ಗೆಳತಿಯರನ್ನೂ ಮನೆಗೆ ಕರೆಯಿರಿ, ಈ ಚಿತ್ರ ಹಾಕಿ. ಜೋನ್ ಮಾಡಿದ್ದು ಸರಿಯೇ ಅಂತ ಕೇಳಿ ನೋಡಿ. ನಮಸ್ಕಾರ.