ನಡುವಿನ ನಟ್ಟು

ಕೇಳುಗರಿಗೆ ನಮಸ್ಕಾರ.

ಮಂಡ್ಯದಿಂದ ನಾಲೆಯ ಏರಿ ಹಿಡಿದು ಹಳ್ಳಿಗಳ ಕಡೆ ಹೊರಟರೆ ಊರ ಹೆಬ್ಬಾಗಿಲಿನಂತೆ ಮೊದಲು ಎದುರಾಗುವುದು ಹಂಪು. ಎಷ್ಟೋ ಕಡೆ ಅದಕ್ಕೆ ಬಿಳಿ ಬಣ್ಣವಿರುವುದಿಲ್ಲ, ಮೇಲೇರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಕಬ್ಬು ಸಾಗಿಸುವ ಕಾಲದಲ್ಲಂತೂ ಟ್ರ್ಯಾಕ್ಟರುಗಳ ಭಾರಕ್ಕೆ ಡಾಂಬರಿನ ಅಂಚು ಕುಸಿದು ಚಕ್ರದ ಜಾಡೇ ಹಳ್ಳವಾಗಿರುತ್ತದೆ. ಕಳೆದ ಸುಗ್ಗಿಯ ಹೊತ್ತಿಗೆ ಇಂಥ ಹಂಪುಗಳಲ್ಲಿ ನಮ್ಮ ಕಾರಿನ ಮುಂಭಾಗದಿಂದ, ಎಡ ಚಕ್ರದ ಮೇಲಿನಿಂದ, ‘ಟಕ್’ ಎಂಬ ಸದ್ದು ಬರತೊಡಗಿತು. ಕಾರಿಗೆ 19 ವರ್ಷ. ಅದು ಚಿಕ್ಕ ಕಾರು, ಆದರೆ ನಮ್ಮ ಮನೆಯ ಭಾರವನ್ನೆಲ್ಲ ಹೊತ್ತದ್ದು ಅದೇ.

ಅಮ್ಮನಿಗೆ ಸೊಂಟದ ನೋವು. ತಿಂಗಳಿಗೊಮ್ಮೆ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಕಾರಿನಲ್ಲಿ. ಒಂದು ದಿನ ಒಳಗನ್ನಡಿಯಲ್ಲಿ ನೋಡಿದೆ. ಹಂಪು ಬರುತ್ತಿದೆ ಎಂದು ತಿಳಿದೊಡನೆ ಅವರು ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿದು ಕಣ್ಣು ಮುಚ್ಚಿಕೊಂಡರು. ಒಂದು ಮಾತೂ ಆಡಲಿಲ್ಲ. ಅವತ್ತೇ ನಿಶ್ಚಯಿಸಿದೆ, ಇನ್ನು ಮುಂದೂಡುವುದಿಲ್ಲವೆಂದು.

ಮುಂದಿನ ಚಕ್ರದ ಮೇಲೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದರೊಳಗೊಂದು ಕೂತಿರುವ ಕಂಬವೊಂದಿದೆ. ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಡು ಇದು. 1983ರ ಕೊನೆಯಲ್ಲಿ ಮಾರುತಿ 800 ನಮ್ಮ ರಸ್ತೆಗಿಳಿದಾಗ ಅದರ ಮುಂಭಾಗದಲ್ಲಿದ್ದುದೂ ಇದೇ. ಇಂದು ನಮ್ಮ ಬೀದಿಗಳ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದರ ಮೇಲೆಯೇ ನಿಂತಿವೆ. ಕಾರಿನ ಭಾರವನ್ನು ಹೊರುವುದು ಶಾಕ್ ಅಬ್ಸಾರ್ಬರ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಭಾರ ಹೊರುವುದು ಸ್ಪ್ರಿಂಗು. ಹಂಪು ಹಾರಿದ ಸ್ಪ್ರಿಂಗು ಕುಣಿಯುತ್ತಲೇ ಇರುತ್ತದಲ್ಲ, ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ಕಿಂಡಿಗಳಿರುವ ಪಿಸ್ಟನ್. ಕಿಂಡಿಯಲ್ಲಿ ಎಣ್ಣೆ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕರಗಿಹೋಗುತ್ತದೆ. ಎಣ್ಣೆ ಸೋರಿದರೆ ಕುಣಿತ ನಿಲ್ಲುವುದಿಲ್ಲ. ಟೈರು ನೆಲವನ್ನು ಬಿಟ್ಟು ಬಿಟ್ಟು ಓಡುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಹಿಡಿಯುವುದಿಲ್ಲ, ಸ್ಟಿಯರಿಂಗೂ ತಲುಪುವುದಿಲ್ಲ. ತಡೆಗೋಡೆಯಿಲ್ಲದ ಏರಿಗಳ ಮೇಲಿಂದ ವಾಹನಗಳು ನಾಲೆಗೆ ಉರುಳಿದ ಸುದ್ದಿಯನ್ನು ಮಂಡ್ಯದವರು ಮತ್ತೆ ಮತ್ತೆ ಓದಿದ್ದೇವೆ. ಅದಕ್ಕೇ ಈ ಸದ್ದನ್ನು ಬರಿಯ ಸದ್ದೆಂದು ಬಿಡಲು ನನಗೆ ಮನಸ್ಸಾಗಲಿಲ್ಲ.

ಆದರೆ ‘ಟಕ್’ ಎಂದದ್ದೆಲ್ಲ ಸ್ಟ್ರಟ್ಟಿನದೇ ಆಗಿರಬೇಕಿಲ್ಲ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳತೋಳಿನ ರಬ್ಬರ್ ಬುಷ್ ಸವೆದಿದ್ದರೂ, ಅದರ ತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್, ಸಡಿಲವಾಗಿದ್ದರೂ ಇಂಥದೇ ಸದ್ದು ಬರುತ್ತದೆ. ಹಣ ಸುರಿಯುವ ಮೊದಲು ಅವನ್ನು ನೋಡಿಕೊಳ್ಳಬೇಕು. ಸ್ಟ್ರಟ್ಟು ಚೆನ್ನಾಗಿದ್ದರೆ, ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಕಾರು ಒಮ್ಮೆ ಮೇಲೆದ್ದು ನೆಲೆಗೊಳ್ಳಬೇಕು. ನಮ್ಮದು ಮೂರು ಸಲ ತೊನೆದಾಡಿತು. ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಸ್ಟ್ರಟ್ಟಿನ ಮೈಗೆ ಎಣ್ಣೆ ಮತ್ತು ಕೆಮ್ಮಣ್ಣು ಸೇರಿ, ಒಣಗಿದ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಎಡಗಡೆಯದು ಪೂರ್ತಿ, ಬಲಗಡೆಯದು ಅರ್ಧ. ಒಂದೇ ಕಡೆ ಬದಲಿಸಿದರೆ ಕಾರು ಒಂದು ಮಗ್ಗುಲಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ನಡೆದುಕೊಳ್ಳುತ್ತದೆ. ಆದ್ದರಿಂದ ಜೋಡಿಯನ್ನೇ ತಂದೆ. ಜೊತೆಗೆ ಸ್ಟ್ರಟ್ಟಿನ ತಲೆಯನ್ನು ಕಾರಿಗೆ ಹಿಡಿದಿಡುವ ರಬ್ಬರ್ ಮೌಂಟು, ಬೇರಿಂಗು, ದೂಳು ತಡೆಯುವ ರಬ್ಬರ್ ಚೀಲ. ಅಂಗಡಿಯಲ್ಲಿ ಇವು ಬೇಕೇ ಎಂದು ಕೇಳಿದರೆ ಬೇಕು ಎಂದೇ ಹೇಳಿ. ಹಳೆಯ ಚೀಲ ಹರಿದದ್ದರಿಂದಲೇ ದೂಳು ಒಳಹೊಕ್ಕು, ಪಿಸ್ಟನ್ನಿನ ಹೊಳೆಯುವ ರಾಡಿನ ಮೇಲೆ ಗೀರು ಬಿದ್ದು, ಆ ಗೀರು ಎಣ್ಣೆ ತಡೆಯುವ ಸೀಲನ್ನು ಕೊಯ್ದು ಎಣ್ಣೆ ಸೋರಿದ್ದು. ಹೊಸ ಸ್ಟ್ರಟ್ಟಿಗೆ ಹಳೆಯ ಹರಕು ಚೀಲ ತೊಡಿಸಿದರೆ ಅದೇ ಕಥೆ ಮತ್ತೆ ಮೊದಲಿನಿಂದ.

ಶನಿವಾರ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟೆ. ಭಾನುವಾರ ಬೆಳಗ್ಗೆ ಮಗಳು ಟಾರ್ಚ್ ಹಿಡಿದು ಬಂದಳು.

ಜಾಕಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾರಿನ ಜೊತೆಗೆ ಬರುವ ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಇಟ್ಟಿಗೆ ಬೇಡ, ಸಿಮೆಂಟ್ ಬ್ಲಾಕೂ ಬೇಡ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ನೆಲ ಮಣ್ಣಿನದಾದರೆ ಅಡಿಯಲ್ಲಿ ದಪ್ಪ ಹಲಗೆ ಇಡಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಬಿಚ್ಚಿದ ಚಕ್ರವನ್ನು ನಾನು ಕಾರಿನ ಅಡಿಗೇ ಮಲಗಿಸುತ್ತೇನೆ. ಏನಾದರೂ ಜಾರಿದರೆ ಕಾರು ಬೀಳುವುದು ಅದರ ಮೇಲೆ, ಮನುಷ್ಯನ ಮೇಲಲ್ಲ. ಇನ್ನೊಂದು ಮಾತು, ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಬೇಕು.

ಸ್ಟ್ರಟ್ಟಿನ ಬುಡವನ್ನು ಚಕ್ರದ ಗುಂಭಕ್ಕೆ, ಎಂದರೆ ಚಕ್ರ ಕೂರುವ ಹಬ್ಬಿನ ಭಾಗಕ್ಕೆ, ಹಿಡಿದಿರುವುದು ಎರಡು ದಪ್ಪ ಬೋಲ್ಟುಗಳು. ಬಿಚ್ಚುವ ಮೊದಲು ಮಗಳು ಅವುಗಳ ಸುತ್ತ ಬಿಳಿ ಬಣ್ಣದಲ್ಲಿ ಗೆರೆ ಎಳೆದಳು. ಮರಳಿ ಜೋಡಿಸುವಾಗ ಚಕ್ರದ ಓರೆ ಸುಮಾರಾಗಿ ಮೊದಲಿದ್ದಲ್ಲಿಗೇ ಬರಲೆಂದು. ಬ್ರೇಕಿನ ಪೈಪನ್ನು ಸ್ಟ್ರಟ್ಟಿನ ಮೈಯಿಂದ ಬಿಡಿಸಿದೆ. ಮೊದಲ ಬೋಲ್ಟು ಕೊಟ್ಟ ಕಾಟ ಅಷ್ಟಿಷ್ಟಲ್ಲ. ರಿಂಗ್ ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದಾಗ ‘ಕ್ರಿಕ್’ ಎಂದು ಒಂದೇ ಒಂದು ಸಣ್ಣ ಸದ್ದು. ಹದಿಮೂರು ಹದಿನಾಲ್ಕು ವರ್ಷ ಹಿಡಿದುಕೊಂಡಿದ್ದ ತುಕ್ಕು ಬಿಟ್ಟಿತ್ತು. ಬೋಲ್ಟು ಹೊರಬಂದೊಡನೆ ಗುಂಭವನ್ನು ತಂತಿಯಿಂದ ಕಟ್ಟಿ ನಿಲ್ಲಿಸಿದೆ. ಹಾಗೆ ಕಟ್ಟದಿದ್ದರೆ ಅದರ ತೂಕವೆಲ್ಲ ಬ್ರೇಕಿನ ರಬ್ಬರ್ ಪೈಪಿಗೆ ಜೋತುಬೀಳುತ್ತದೆ. ಆ ಪೈಪು ಒಳಗೊಳಗೇ ಹರಿದರೆ ಹೊರಗೆ ಗೊತ್ತಾಗುವುದೂ ಇಲ್ಲ.

ಈಗ ಬಾನೆಟ್ ಎತ್ತಿ. ಸ್ಟ್ರಟ್ಟಿನ ತಲೆಯ ಸುತ್ತ ಸಣ್ಣ ನಟ್ಟುಗಳು ಕಾಣುತ್ತವೆ, ಕಾರಿಗೆ ತಕ್ಕಂತೆ ಎರಡೋ ಮೂರೋ. ಅವುಗಳ ನಡುವೆ ಒಂದು ದೊಡ್ಡ ನಟ್ಟು. ಕೈಗೆ ಸಲೀಸಾಗಿ ಎಟುಕುತ್ತದೆ, ಎಲ್ಲವನ್ನೂ ಹಿಡಿದಿರುವುದು ಇದೇ ಎಂಬಂತೆ ಎದ್ದು ಕಾಣುತ್ತದೆ. ಮೊದಲು ಅದನ್ನೇ ಬಿಚ್ಚೋಣ ಎನ್ನಿಸುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ನಾನು ಇವತ್ತು ಈ ಮೈಕಿನ ಮುಂದೆ ಕೂತಿರುವುದೇ ಮುಖ್ಯವಾಗಿ ಈ ಮಾತು ಹೇಳುವುದಕ್ಕೆ.

ಲೆಕ್ಕ ನೋಡಿ. 800 ಕಿಲೋ ತೂಕದ, ಎಂಜಿನ್ನು ಮುಂದಿರುವ ಕಾರಿನಲ್ಲಿ ಸುಮಾರು ನೂರಕ್ಕೆ 60 ಪಾಲು ಭಾರ ಮುಂದಿನ ಎರಡು ಚಕ್ರಗಳ ಮೇಲಿರುತ್ತದೆ. ಎಂದರೆ ಒಂದೊಂದರ ಮೇಲೆ 240 ಕಿಲೋ. ಅಷ್ಟನ್ನು ಎತ್ತಿಹಿಡಿಯುವ ಉಕ್ಕಿನ ಸುರುಳಿಯೇ ಈ ಸ್ಪ್ರಿಂಗು. ಕಾರಿನಿಂದ ಹೊರತೆಗೆದ ಮೇಲೂ ಅದು ಅರ್ಧ ಮುದುಡಿದ ಸ್ಥಿತಿಯಲ್ಲೇ ಬಿಗಿದು ಕೂತಿರುತ್ತದೆ. ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಆ ನಡುವಿನ ನಟ್ಟು ಒಂದೇ. ಅದು ಬಿಚ್ಚಿತೆಂದರೆ ಸ್ಪ್ರಿಂಗು ಎದುರಿಗಿರುವವರ ಮುಖಕ್ಕೋ ಎದೆಗೋ ನುಗ್ಗುತ್ತದೆ. ಕೈ ಹಿಂದೆಳೆದುಕೊಳ್ಳುವಷ್ಟು ಸಮಯವೂ ಇರುವುದಿಲ್ಲ. ಸುತ್ತಲಿನ ಸಣ್ಣ ನಟ್ಟುಗಳನ್ನು ಮಾತ್ರ ಬಿಚ್ಚಿ, ಕೊನೆಯದನ್ನು ಬಿಚ್ಚುವಾಗ ಕೆಳಗಿನಿಂದ ಸ್ಟ್ರಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇಡೀ ಕಂಬವನ್ನು ಹಾಗೆಯೇ ಹೊರತೆಗೆಯಬೇಕು.

ಸ್ಪ್ರಿಂಗನ್ನು ಮುದುಡಿಸುವ ಕೊಕ್ಕೆಯ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ. ಎದುರುಬದುರು ಎರಡು ಕೊಕ್ಕೆ ಹಾಕಿ, ಒಂದಿಷ್ಟು ಇದನ್ನು ಒಂದಿಷ್ಟು ಅದನ್ನು ತಿರುಗಿಸುತ್ತ ಬಿಗಿಯುವಂಥವು. ಪಳಗಿದವರು ಬಳಸುತ್ತಾರೆ. ಆದರೆ ಕೊಕ್ಕೆ ಜಾರಿತೆಂದರೆ ಆಗುವುದು ಅದೇ ಅನಾಹುತ. ನನ್ನ ನಿಲುವು ಖಚಿತವಾಗಿದೆ. ಬಿಚ್ಚುವುದು, ಜೋಡಿಸುವುದು ಮನೆಯಲ್ಲಿ. ಸ್ಪ್ರಿಂಗಿನ ಕೆಲಸ ವರ್ಕ್‌ಶಾಪಿನಲ್ಲಿ. ಎರಡೂ ಕಂಬಗಳನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಮೇಲೆ ಒಯ್ದೆ.

ಅಲ್ಲಿ ಸ್ಪ್ರಿಂಗನ್ನು ಒತ್ತಿ ಮುದುಡಿಸುವ, ಗೋಡೆಗೆ ಬಿಗಿದ ಪ್ರೆಸ್ ಇತ್ತು. ಮೇಸ್ತ್ರಿ ಹಿಡಿ ತಿರುಗಿಸಿದ ಹಾಗೆ ಸುರುಳಿಗಳು ಒಂದಕ್ಕೊಂದು ಹತ್ತಿರವಾಗುತ್ತ ಬಂದವು, ನಡುವಿನ ಮಣ್ಣು ಉದುರಿತು. ಅವರು ಆಗಾಗ ನಿಲ್ಲಿಸಿ ಸ್ಪ್ರಿಂಗಿನ ಮೇಲಿನ ತಟ್ಟೆಯನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದರು. ಒಮ್ಮೆ ಅದು ಸಲೀಸಾಗಿ ತಿರುಗಿತು. ಸ್ಪ್ರಿಂಗು ತಟ್ಟೆಯನ್ನು ಒತ್ತುವುದನ್ನು ಬಿಟ್ಟಿದೆ ಎಂಬುದಕ್ಕೆ ಅದೇ ಗುರುತು. ಆಮೇಲಷ್ಟೇ ಅವರು ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿದ್ದು. ಹಳೆಯ ಸ್ಟ್ರಟ್ಟಿನ ರಾಡನ್ನು ಅಂಗೈಯಿಂದ ಒತ್ತಿದೆ. ನೀರಿಗೆ ಕೋಲು ಇಳಿದಂತೆ ಇಳಿಯಿತು, ಮರಳಿ ಏಳಲಿಲ್ಲ. ಹೊಸದನ್ನು ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆದರು, ಒಳಗೆ ಸೇರಿರಬಹುದಾದ ಗಾಳಿ ಮೇಲೇರಲೆಂದು. ಅದನ್ನು ಒತ್ತುವುದಕ್ಕೆ ಮೈಭಾರವನ್ನೇ ಹಾಕಬೇಕಾಯಿತು. ಬಿಟ್ಟರೆ ತಾನಾಗಿ ನಿಧಾನವಾಗಿ ಎದ್ದು ನಿಂತಿತು. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯೇ ಎಂದು ನೋಡಿ ಬಿಗಿದುಕೊಟ್ಟರು.

ಜೋಡಣೆ ಎಂದರೆ ಬಿಚ್ಚಿದ್ದರ ಹಿಮ್ಮುಖ. ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಒಂದೇ ಮಾತು: ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿಯದೆ, ಕಾರಿನ ಕೈಪಿಡಿಯಲ್ಲಿ ಹೇಳಿರುವಷ್ಟೇ ಬಿಗಿಯನ್ನು, ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಕೊಡಬೇಕು. ಬಿಗಿದಾದ ಮೇಲೆ ಮಗಳು ಮತ್ತೊಮ್ಮೆ ಬಿಳಿ ಬಣ್ಣ ತೆಗೆದುಕೊಂಡು ಪ್ರತಿ ನಟ್ಟಿನ ಮೇಲಿಂದ ಕಬ್ಬಿಣದವರೆಗೆ ಒಂದು ನೇರ ಗೆರೆ ಎಳೆದಳು. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಸೋಮವಾರ ವೀಲ್ ಅಲೈನ್‌ಮೆಂಟ್, ಎಂದರೆ ಚಕ್ರಗಳ ದಿಕ್ಕು ಮತ್ತು ಓರೆ ಸರಿಪಡಿಸುವ ಕೆಲಸ, ಮಾಡಿಸಿದೆ. ಇದನ್ನು ಬಿಟ್ಟರೆ ಹೊಸ ಟೈರು ಕೂಡ ಕೆಲವೇ ತಿಂಗಳಲ್ಲಿ ಒಂದಂಚಿಗೆ ಸವೆದುಹೋಗುತ್ತದೆ.

ಆ ವಾರವೇ ಅಮ್ಮನನ್ನು ಮೈಸೂರಿಗೆ ಕರೆದೊಯ್ದೆ. ಊರು ದಾಟುವಾಗಿನ ಮೊದಲ ಹಂಪಿಗೆ ಅವರು ಎಂದಿನಂತೆ ಹಿಡಿಕೆ ಹಿಡಿದರು. ಕಾರು ಏರಿತು, ಇಳಿಯಿತು, ನೆಲೆಗೊಂಡಿತು. ಎರಡನೆಯದಕ್ಕೂ ಹಿಡಿದರು. ಶ್ರೀರಂಗಪಟ್ಟಣದ ಹತ್ತಿರ ಬರುವ ಹೊತ್ತಿಗೆ ಕೈಗಳು ಮಡಿಲಿಗೆ ಬಂದಿದ್ದವು, ಕಿಟಕಿಯಾಚೆಯ ಭತ್ತದ ಗದ್ದೆಯನ್ನು ನೋಡುತ್ತಿದ್ದರು.

ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಮುಂದಿನ ಭಾನುವಾರ ಮಗಳು ಮೊದಲು ಬಾನೆಟ್ಟಿನೊಳಗೆ, ಆಮೇಲೆ ಚಕ್ರದ ಹಿಂದೆ ಟಾರ್ಚ್ ಹಿಡಿದಳು. ಬೋಲ್ಟಿನ ಸುತ್ತ ಕೆಮ್ಮಣ್ಣು ಆಗಲೇ ಕೂತಿತ್ತು. ಬೆರಳಿಂದ ಒರೆಸಿ ನೋಡಿದಳು. ಬಿಳಿಯ ಗೆರೆ ನೇರವಾಗಿಯೇ ಇತ್ತು.

ನಮಸ್ಕಾರ.