ಕಂಡ ದೋಷ ಹೇಳಲೇಬೇಕು

ಕೇಳುಗರಿಗೆ ನಮಸ್ಕಾರ. ಮನೆ ಕೊಳ್ಳುವವರಿಗೂ ಮನೆ ತೋರಿಸುವ ಏಜೆಂಟರಿಗೂ ಇವತ್ತು ನಾನು ಹೇಳುವುದು ಒಂದೇ ಮಾತು: ಕಂಡ ದೋಷವನ್ನು ಹೇಳಲೇಬೇಕು.

ಮಾರುವವರಿಗೆ ಇದು ಹಳೆಯ ಕಟ್ಟಳೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ನೋಡಿ. ತನಗೆ ಗೊತ್ತಿದ್ದು, ಕೊಳ್ಳುವವರ ಸಾಮಾನ್ಯ ಎಚ್ಚರಕ್ಕೆ ಸಿಗದ ಗಂಭೀರ ದೋಷವನ್ನು ಮುಚ್ಚಿಟ್ಟರೆ ಅದು ವಂಚನೆ. ಏಜೆಂಟರೋ, "ಮಾಲೀಕರೇ ಹೇಳಲಿಲ್ಲ, ನಾವೇನು ಮಾಡೋಣ ಸಾರ್" ಅನ್ನುತ್ತಾರೆ. ಈ ನೆಪ ಎಲ್ಲಿವರೆಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಸ್ಟನ್ ಎಂಬುವರು ಮನೆ ಕೊಂಡ ಪ್ರಕರಣ ಕೇಳಿ.

1976ರಲ್ಲಿ ಒಂದು ಮನೆ 1,70,000 ಡಾಲರಿಗೆ ಮಾರಾಟವಾಯಿತು. ಸುಮಾರು ಒಂದು ಎಕರೆ ಜಾಗ, ಈಜುಕೊಳ, ಪಕ್ಕದಲ್ಲೊಂದು ಗೆಸ್ಟ್ ಹೌಸ್. ಜಾಗದ ಒಂದು ಭಾಗ ಮಣ್ಣು ತುಂಬಿ ಮಾಡಿದ್ದು. ಆ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಿರಲಿಲ್ಲ. ಹಿಂದೆಯೂ ಕುಸಿದಿತ್ತು, ಮಾಲೀಕರು ಬಾಯಿ ಬಿಡಲಿಲ್ಲ. ಏಜೆಂಟರಿಗೆ ಸುಳಿವು ಇರಲಿಲ್ಲವೇ? ಇತ್ತು! ಮಣ್ಣು ಜಾರದಂತೆ ಇಳಿಜಾರಿಗೆ ಹೊದಿಸಿದ್ದ ಬಲೆ ಕಂಡಿತ್ತು. ಗೆಸ್ಟ್ ಹೌಸಿನ ನೆಲ ಮಟ್ಟವಾಗಿಲ್ಲ ಅನ್ನುವುದೂ ಗೊತ್ತಾಗಿತ್ತು. ಆದರೂ ಮಣ್ಣು ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಕೊಂಡ ಸ್ವಲ್ಪ ದಿನಕ್ಕೇ ನೆಲ ಜಾರಿತು, ಅಡಿಪಾಯ ಕುಸಿಯಿತು, ಗೋಡೆ ಬಿರುಕು ಬಿಟ್ಟಿತು. ಈಸ್ಟನ್ ಕೋರ್ಟಿಗೆ ಹೋದರು. 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು: ಏಜೆಂಟರು ತಾವೇ ನಿಗಾ ಇಟ್ಟು ನೋಡಬೇಕು, ನೋಡಿದರೆ ಗೊತ್ತಾಗುವ ದೋಷವನ್ನು ಕೊಳ್ಳುವವರಿಗೆ ತಿಳಿಸಬೇಕು. ಕೆರೆ ಅಂಗಳ, ರಾಜಕಾಲುವೆ ಮುಚ್ಚಿ ಸೈಟು ಮಾಡುವ ಬೆಂಗಳೂರಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕೇ?

ನಮ್ಮಲ್ಲಿ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ, ಅದರಡಿ ನೋಂದಾಯಿಸಿದ ಹೊಸ ಕಟ್ಟಡ, ಬಡಾವಣೆ ಯೋಜನೆಗಳನ್ನು ಮಾರುವ ಏಜೆಂಟರು ಸುಳ್ಳು ಹೇಳುವಂತಿಲ್ಲ. ಬುಕಿಂಗ್ ಸಮಯದಲ್ಲಿ ನಿಮಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ದಂಡದ ಒಟ್ಟು ಮೊತ್ತ ಆ ಆಸ್ತಿಯ ಬೆಲೆಯ ಶೇಕಡಾ 5ರವರೆಗೆ.

ಹಳೆ ಮನೆ ಕೊಳ್ಳುವವರು ಮಾತ್ರ ರೇರಾ ನೆಚ್ಚಿ ಕೂರಬೇಡಿ. ಅಡ್ವಾನ್ಸ್ ಕೊಡುವ ಮೊದಲು ಏಜೆಂಟರನ್ನೂ ಮಾಲೀಕರನ್ನೂ ವಾಟ್ಸಾಪಿನಲ್ಲೋ ಕಾಗದದಲ್ಲೋ ಬರೆದು ಕೇಳಿ: ಸೋರಿಕೆ ಇದೆಯೇ? ಮಳೆನೀರು ನುಗ್ಗಿದೆಯೇ? ತುಂಬಿದ ಮಣ್ಣೇ? ಬೋರ್‌ವೆಲ್ಲಿನಲ್ಲಿ ಬೇಸಿಗೆಯಲ್ಲೂ ನೀರು ಬರುತ್ತದೆಯೇ? ಗೋಡೆಯ ಕೆಳಗಡೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ತೇವ ಇರಬಹುದು, ಯಾಕೆ ಬಳಿದಿರಿ ಅಂತ ಅದನ್ನೂ ಕೇಳಿ. ಉತ್ತರ ಬರಹದಲ್ಲೇ ಬರಲಿ, ಅದನ್ನು ಮಾರಾಟದ ಕರಾರಿನಲ್ಲೂ ಸೇರಿಸಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ, ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದುಕೊಂಡು ಹೋಗಿ ತೋರಿಸಿ.